ಆ ವಿಡಿಯೋದ 14ನೇ ಸೆಕೆಂಡ್

ನಾವು ಮೂರು ಜನ ಒಂದೇ ರೂಮಿನವರು. ಇಬ್ಬರು ಇಸಿ, ಒಬ್ಬ ಮೆಕ್ಯಾನಿಕಲ್. ಬಳಗದ ಪತ್ರಿಕೆಗೆ ಇಷ್ಟು ವರ್ಷದಲ್ಲಿ ನಾವು ಕೊಟ್ಟಿದ್ದು ಒಂದು ಹಾಸ್ಯ ಲೇಖನ, ಎರಡು ಹನಿಗವನ, ಅಷ್ಟೇ. ಕಾಲೇಜು ಬಿಡೋ ಮೊದಲು ಇದೊಂದನ್ನ ಬರೆದುಬಿಡೋಣ ಅಂತ ಕೂತಿದ್ದೇವೆ. "ನಾವು" ಅಂತಲೇ ಬರೀತಿದ್ದೇವೆ, ಯಾಕಂದ್ರೆ ಇದರಲ್ಲಿ ಯಾರ ತಪ್ಪು ಎಷ್ಟು ಅಂತ ಪಾಲು ಹಾಕೋಕೆ ಹೋದರೆ ರೂಮಲ್ಲಿ ಮತ್ತೆ ಜಗಳ ಶುರುವಾಗುತ್ತೆ.

ಮೂರನೇ ವರ್ಷದಲ್ಲಿ ನಾವು ದಿನಾ ಒಂದು ಟೀ ಅಂಗಡಿಗೆ ಹೋಗ್ತಿದ್ವಿ. ಆ ಅಂಗಡಿ ಈಗ ಇಲ್ಲ, ಯಾವುದು ಅಂತ ಹುಡುಕಬೇಡಿ. ಅಲ್ಲೊಬ್ಬ ಹುಡುಗ ಲೋಟ ತೊಳೀತಿದ್ದ, ಟೇಬಲ್ ಒರೆಸ್ತಿದ್ದ, ಲೆಕ್ಕ ಹೇಳ್ತಿದ್ದ. ಹನ್ನೊಂದು ಹನ್ನೆರಡು ವರ್ಷ ಇರಬಹುದು. ಅವನ ಹೆಸರು, ಊರು ಯಾವುದನ್ನೂ ಇಲ್ಲಿ ಬರೆಯಲ್ಲ. ಯಾಕೆ ಅನ್ನೋದು ಮುಂದೆ ಬರುತ್ತೆ. ಉತ್ತರ ಕರ್ನಾಟಕದ ಕಡೆಯವನು ಅಂತ ಮಾತಲ್ಲೇ ಗೊತ್ತಾಗ್ತಿತ್ತು. ನಾವು ಎದ್ದು ನಿಲ್ಲೋದರೊಳಗೆ, "ಮೂರ್ ಚಾ, ಎರಡ್ ಬನ್, ಒಂದ್ ವಡಿ, ನಿನ್ನಿದ್ ಇಪ್ಪತ್ತ್ ಬಾಕಿ, ಒಟ್ಟ ಎಂಬತ್ನಾಕ್ರೀ ಅಣ್ಣಾರ" ಅಂತ ಒಂದೇ ಉಸಿರಲ್ಲಿ ಹೇಳಿಬಿಡ್ತಿದ್ದ. ಪಾಪ, ಎಂ3 ಎರಡು ಸಲ ಬರೆದ ನಮ್ಮವನೊಬ್ಬನಿಗೆ ಅದು ಪವಾಡದ ಥರ ಕಾಣ್ತಿತ್ತು.

ಡಿಸೆಂಬರಿನಲ್ಲಿ ಒಂದು ದಿನ ಅವನ ವಿಡಿಯೋ ಮಾಡಿದ್ವಿ. ನಾವು ಕಷ್ಟದ ಲೆಕ್ಕ ಕೊಡೋದು, ಅವನು ಲೋಟ ತೊಳೀತಾ ಉತ್ತರ ಹೇಳೋದು. "ಕ್ಯಾಲ್ಕುಲೇಟರ್ ತಮ್ಮ" ಅಂತ ಹೆಸರು ಹಾಕಿ ರೀಲ್ಸ್ ಬಿಟ್ವಿ. ನಾವು ಅದುವರೆಗೆ ಹಾಕಿದ್ದ ಎಲ್ಲದಕ್ಕಿಂತ ಹೆಚ್ಚು ಲೈಕ್ ಅದಕ್ಕೇ ಬಂತು. ನಿಮ್ಮಲ್ಲೂ ಕೆಲವರು ಫಾರ್ವರ್ಡ್ ಮಾಡಿರ್ತೀರಿ.

ಆ ವಿಡಿಯೋದ 14ನೇ ಸೆಕೆಂಡಿನಲ್ಲಿ ಅವನು ತೋಳು ಮೇಲೆತ್ತಿ ಹಣೆಯ ಬೆವರು ಒರೆಸ್ಕೋತಾನೆ. ಮೊಣಕೈ ಕೆಳಗೆ ಸಾಲಾಗಿ ಮೂರು ಗುಂಡಗಿನ ಸುಟ್ಟ ಕಲೆ. ನಾವು ಅದನ್ನ ಎಡಿಟ್ ಮಾಡುವಾಗಲೇ ನೋಡಿದ್ವಿ. ಮರುದಿನ ಕೇಳಿದ್ದೂ ಹೌದು. "ಚಾ ಸಿಡೀತ್ರೀ" ಅಂದ. ಸಿಡಿದ ಟೀ ಸಾಲಾಗಿ, ಒಂದೇ ಅಳತೆಯಲ್ಲಿ ಬೀಳಲ್ಲ ಅನ್ನೋದು ತಿಳಿಯೋಕೆ ಇಂಜಿನಿಯರಿಂಗ್ ಬೇಕಿಲ್ಲ. ನಾವು ಬಿಲ್ ಕೊಟ್ಟು ಎದ್ದು ಬಂದ್ವಿ.

ಏಪ್ರಿಲ್ ತಿಂಗಳಲ್ಲಿ ನಮ್ಮ ಬಳಗದ ಹಳೇ ವಿದ್ಯಾರ್ಥಿನಿಯೊಬ್ಬರ ಆನ್‌ಲೈನ್ ಮಾತುಕತೆ ಇತ್ತು. ಅಮೆರಿಕದಲ್ಲಿ ಕೆಲಸ. ಎಲ್ಲರೂ ಕೇಳೋದು ಎಂಎಸ್, ವೀಸಾ, ಪ್ಯಾಕೇಜ್. ಕೊನೆಯಲ್ಲಿ ಯಾರೋ "ವೀಕೆಂಡಲ್ಲಿ ಏನ್ ಮಾಡ್ತೀರಾ ಅಕ್ಕಾ" ಅಂತ ಕೇಳಿದ್ರು. ಟ್ರೆಕ್ಕಿಂಗ್ ಅಂತಾರೇನೋ ಅಂದ್ಕೊಂಡ್ರೆ, "ಒಂದು ಮಗುವಿನ ಪರವಾಗಿ ಕೋರ್ಟಿಗೆ ವರದಿ ಬರೀತೀನಿ" ಅಂದ್ರು.

ಅಕ್ಕ ಹೇಳಿದ್ದು ಇಷ್ಟು. ಅಲ್ಲಿ ಹೊಡೆತ ತಿಂದ, ಮನೆಯವರು ನೋಡಿಕೊಳ್ಳದೆ ಬಿಟ್ಟ ಮಕ್ಕಳ ವಿಷಯ ಕೋರ್ಟಿಗೆ ಬರುತ್ತೆ. ಅಪ್ಪ ಅಮ್ಮಂಗೆ ವಕೀಲರಿರ್ತಾರೆ, ಸರ್ಕಾರಕ್ಕೆ ವಕೀಲರಿರ್ತಾರೆ. ಸಿಯಾಟಲ್‌ನಲ್ಲಿ ಡೇವಿಡ್ ಸೂಕಪ್ ಅಂತ ಒಬ್ಬ ನ್ಯಾಯಾಧೀಶರಿದ್ದರು. ಮೂರು ವರ್ಷದ ಒಂದು ಹೆಣ್ಣುಮಗುವಿನ ವಿಷಯದಲ್ಲಿ ತೀರ್ಪು ಕೊಡಬೇಕಾಗಿ ಬಂದಾಗ, ಆ ಮಗುವಿನ ಬಗ್ಗೆ ತನಗೆ ಸಾಕಷ್ಟು ಗೊತ್ತೇ ಇಲ್ಲವಲ್ಲ ಅನ್ನೋದು ಅವರನ್ನ ಕಾಡಿತಂತೆ. ಊರಿನ ಸಾಮಾನ್ಯ ಜನರನ್ನೇ ತರಬೇತಿ ಕೊಟ್ಟು ಮಗುವಿನ ಪರ ನಿಲ್ಲಿಸಿದರೆ ಹೇಗೆ ಅಂತ ಯೋಚಿಸಿ, ಆಸಕ್ತಿ ಇದ್ದವರು ಮಧ್ಯಾಹ್ನ ಊಟದ ಹೊತ್ತಿಗೆ ಬನ್ನಿ ಅಂತ ಕರೆದರು. ನಾಲ್ಕೈದು ಜನ ಬಂದರೆ ಹೆಚ್ಚು ಅಂದುಕೊಂಡಿದ್ದರೆ ಐವತ್ತು ಜನ ಬಂದಿದ್ದರಂತೆ. 1977ರಲ್ಲಿ ಹೀಗೆ ಶುರುವಾಗಿದ್ದು ಆಮೇಲೆ ಆ ದೇಶದ ಉದ್ದಗಲಕ್ಕೂ ಹರಡಿತು. ಅದಕ್ಕೆ ಕಾಸಾ ಅಂತಾರೆ. ಸ್ವಯಂಸೇವಕರಿಗೆ ಸುಮಾರು 30 ಗಂಟೆ ತರಬೇತಿ, ಹಿನ್ನೆಲೆ ತಪಾಸಣೆ, ಆಮೇಲೆ ನ್ಯಾಯಾಧೀಶರ ಮುಂದೆ ಪ್ರಮಾಣ. ಒಬ್ಬರಿಗೆ ಒಂದೋ ಎರಡೋ ಮಕ್ಕಳು ಮಾತ್ರ. ಮಗುವನ್ನ ತಪ್ಪದೆ ಭೇಟಿ ಮಾಡಬೇಕು, ಟೀಚರ್, ಡಾಕ್ಟರ್, ಮನೆಯವರು ಎಲ್ಲರ ಹತ್ರ ಮಾತಾಡಬೇಕು, ಕಂಡಿದ್ದನ್ನ ಬರೆದು ಕೋರ್ಟಿಗೆ ಕೊಡಬೇಕು.

"ನಾನು ವಕೀಲಳಲ್ಲ, ಅಮ್ಮನೂ ಅಲ್ಲ. ನನ್ನ ಕೆಲಸ ಅಂದ್ರೆ ಬದಲಾಗದೆ ಇರೋದು" ಅಂದ್ರು ಅಕ್ಕ. "ಆ ಹುಡುಗನಿಗೆ ಎರಡು ವರ್ಷದಲ್ಲಿ ಮೂರು ಮನೆ, ಎರಡು ಸ್ಕೂಲ್ ಬದಲಾಗಿದೆ. ಸೋಶಿಯಲ್ ವರ್ಕರ್ ಬದಲಾಗಿದ್ದಾರೆ. ನಾನೊಬ್ಬಳು ಅದೇ ಇದ್ದೀನಿ." ಆಮೇಲೆ ಸುಮ್ಮನೆ ಮಾತಿಗೆ ಅಂತ ಕೇಳಿದ್ರು: "ನಿಮ್ಮ ಸುತ್ತಮುತ್ತ ದಿನಾ ನೋಡೋ ಒಂದು ಮಗುವಿನ ಬಗ್ಗೆ ನಾಳೆ ಜಡ್ಜ್ ಕೇಳಿದ್ರೆ, ಐದು ವಾಕ್ಯ ಹೇಳೋಕಾಗುತ್ತಾ?"

ಆ ರಾತ್ರಿ ರೂಮಲ್ಲಿ ಅದೇ ಪ್ರಯತ್ನ ಮಾಡಿದ್ವಿ. ಲೆಕ್ಕದಲ್ಲಿ ಚುರುಕು. ನಮಗೆ ಸಕ್ಕರೆ ಎಷ್ಟು ಬೇಕು ಅಂತ ಗೊತ್ತು. ಕೈ ಮೇಲೆ ಕಲೆ ಇದೆ. ಅಲ್ಲಿಗೆ ನಮ್ಮ ವಾಕ್ಯ ಮುಗಿದವು. ಒಂದೂವರೆ ವರ್ಷ ದಿನಾ ನೋಡಿದ ಹುಡುಗನ ನಿಜವಾದ ಹೆಸರೇ ಗೊತ್ತಿರಲಿಲ್ಲ.

ಆಮೇಲೆ ಜಗಳ. ಕಂಪ್ಲೇಂಟ್ ಕೊಟ್ಟರೆ ಅಂಗಡಿಯವನು ಲೋಕಲ್, ಹಾಸ್ಟೆಲ್‌ವರೆಗೂ ಬರ್ತಾನೆ ಅಂತ ಒಬ್ಬ. ಅವನ ಎರಡು ಹೊತ್ತಿನ ಅನ್ನ ನಾವು ಕಿತ್ತ ಹಾಗಾಗುತ್ತೆ ಅಂತ ಇನ್ನೊಬ್ಬ. ಇಂಟರ್ನಲ್ಸ್ ಮುಗೀಲಿ ಅಂತ ಮೂರನೆಯವನು. ಯಾರು ಯಾವುದು ಹೇಳಿದ್ದು ಅಂತ ಬರೆಯಲ್ಲ. ಮೂರನ್ನೂ ಮೂವರೂ ಒಳಗೊಳಗೆ ಒಪ್ಪಿದ್ವಿ. ಇಂಟರ್ನಲ್ಸ್ ಮುಗಿದ ಮೇಲೇ 1098ಕ್ಕೆ ಫೋನ್ ಮಾಡಿದ್ವಿ.

ಆ ಸಂಖ್ಯೆ 1996ರಲ್ಲಿ ಮುಂಬೈಯಲ್ಲಿ ಶುರುವಾದ ಮಕ್ಕಳ ಸಹಾಯವಾಣಿ. ದಿನದ 24 ಗಂಟೆ, ಉಚಿತ. ಫೋನ್ ಎತ್ತಿದವರು ಸಮಾಧಾನವಾಗಿ ಕೇಳಿದರು: ಮಗುವಿಗೆ ಅಂದಾಜು ಎಷ್ಟು ವಯಸ್ಸು, ಎಲ್ಲಿ ಮಲಗುತ್ತೆ, ಈಗ ತಕ್ಷಣದ ಅಪಾಯ ಇದೆಯಾ. ನಮ್ಮ ಹೆಸರು ಗುಟ್ಟಾಗಿಡ್ತೀವಿ ಅಂತಲೂ ಹೇಳಿದರು. ಎರಡು ದಿನದಲ್ಲಿ ಅಂಗಡಿಗೆ ಜನ ಬಂದರು. ಹುಡುಗನನ್ನ ಕರ್ಕೊಂಡು ಹೋದರು.

ಹೀಗೆ ಸಿಕ್ಕ ಮಗುವನ್ನ 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು ಅಂತ 2015ರ ಬಾಲನ್ಯಾಯ ಕಾಯ್ದೆ ಹೇಳುತ್ತೆ. ಒಬ್ಬ ಅಧ್ಯಕ್ಷರು, ನಾಲ್ಕು ಸದಸ್ಯರು; ಮ್ಯಾಜಿಸ್ಟ್ರೇಟರ ಪೀಠಕ್ಕಿರೋ ಅಧಿಕಾರ ಇದಕ್ಕೂ ಇದೆ. ನಾವು ಸಿನಿಮಾದ ಕೋರ್ಟ್ ಹಾಲ್ ಊಹಿಸಿಕೊಂಡು ಹೋಗಿದ್ವಿ. ನೋಡಿದರೆ ಬಾಲಮಂದಿರದ ಆವರಣದಲ್ಲೇ ಒಂದು ರೂಮು, ಉದ್ದದ ಮೇಜು, ಗೋಡೆ ಮೇಲೆ ಮಕ್ಕಳು ಬಿಡಿಸಿದ ಗಿಡ, ಸೂರ್ಯ. ಹೇಳಿಕೆ ಕೊಡಿ ಅಂತ ನಮಗ್ಯಾರೂ ಒತ್ತಾಯ ಮಾಡಿರಲಿಲ್ಲ. ಆದರೆ ಅಂಗಡಿಯವನು ಏನು ಹೇಳಬಹುದು ಅನ್ನೋ ಅಂದಾಜು ನಮಗಿತ್ತು.

ಅಂದಾಜು ಸರಿಯಾಗಿತ್ತು. "ಇವ್ನು ನನ್ನಕ್ಕನ ಮಗ ಮೇಡಂ. ಸ್ಕೂಲಿಂದ ಬಂದ್ಮೇಲೆ ಒಂಚೂರು ಕೈ ಸೇರಿಸ್ತಾನೆ." 14 ವರ್ಷದೊಳಗಿನ ಮಕ್ಕಳನ್ನ ಯಾವ ಕೆಲಸಕ್ಕೂ ಇಟ್ಟುಕೊಳ್ಳೋ ಹಾಗಿಲ್ಲ ಅಂತ 2016ರ ತಿದ್ದುಪಡಿ ಹೇಳುತ್ತೆ, ಆದರೆ ಶಾಲೆ ಬಿಟ್ಟ ಮೇಲೆ ಮನೆಯವರ ಕಸುಬಿಗೆ ಸಹಾಯ ಮಾಡಬಹುದು ಅಂತ ವಿನಾಯಿತಿ ಇದೆ, ಸೋದರಮಾವನೂ ಆ "ಮನೆಯವರ" ಲೆಕ್ಕಕ್ಕೆ ಬರ್ತಾನೆ. ಅಂಗಡಿಯವನಿಗೆ ಇದನ್ನ ಯಾರೋ ಚೆನ್ನಾಗಿ ಹೇಳಿಕೊಟ್ಟಿದ್ದರು. ಸದಸ್ಯೆಯೊಬ್ಬರು ಹುಡುಗನನ್ನ ಹತ್ತಿರ ಕೂರಿಸಿಕೊಂಡು ಕೇಳಿದರು. ಅವನು ನೆಲ ನೋಡ್ಕೊಂಡು ಹೇಳಿದ, "ಮಾಮಾ ಏನ್ ಮಾಡಿಲ್ರೀ. ಚಾ ಸಿಡೀತ್ರೀ."

ಆಗ ನಾವು ಫೋನ್ ತೆಗೆದ್ವಿ.

ವಿಡಿಯೋ ತೆಗೆದಿದ್ದು ಮಂಗಳವಾರ, ಬೆಳಿಗ್ಗೆ 11 ಗಂಟೆ 20 ನಿಮಿಷ. ಫೈಲಿನ ವಿವರದಲ್ಲೇ ತಾರೀಖು, ಸಮಯ ಎಲ್ಲ ಇದೆ. ಶಾಲೆ ನಡೆಯೋ ಹೊತ್ತು. 14ನೇ ಸೆಕೆಂಡಿನಲ್ಲಿ ತೋಳು. ಅಧ್ಯಕ್ಷೆ ಎರಡು ಸಲ ನೋಡಿದರು. ಆಮೇಲೆ ಕನ್ನಡಕ ತೆಗೆದು ನಮ್ಮ ಕಡೆ ತಿರುಗಿ, "ಇದು ಡಿಸೆಂಬರ್‌ದು ಅಲ್ವಾ? ಈಗ ಏಪ್ರಿಲ್" ಅಂದರು. ಬೈಯಲಿಲ್ಲ, ಬರೀ ತಿಂಗಳ ಹೆಸರು ಹೇಳಿದರು. ಆ ತಾರೀಖು ಅಂಗಡಿಯವನ ವಿರುದ್ಧ ಎಷ್ಟು ಸಾಕ್ಷಿಯೋ ನಮ್ಮ ವಿರುದ್ಧವೂ ಅಷ್ಟೇ ಸಾಕ್ಷಿ. ವೈದ್ಯರ ತಪಾಸಣೆಯಲ್ಲಿ ತೋಳಿನ ಮೇಲೆ ಮೂರಲ್ಲ, ಐದು ಕಲೆ ಇತ್ತು. ಎರಡು ನಮ್ಮ ವಿಡಿಯೋ ಆದ ಮೇಲಿನವು.

ಇನ್ನೊಂದು ಮಾತೂ ಅವರು ಹೇಳಿದರು: ಮೂಲ ಫೈಲ್ ನಮಗೆ ಕೊಡಿ, ನೆಟ್ಟಲ್ಲಿ ಹಾಕಿರೋದನ್ನ ಈಗಲೇ ತೆಗೀರಿ. ಇಂಥ ಮಗುವಿನ ಗುರುತು ಬಯಲು ಮಾಡೋದು ಕಾಯ್ದೆಯ 74ನೇ ಕಲಂ ಪ್ರಕಾರ ಅಪರಾಧ. ಆರು ತಿಂಗಳವರೆಗೆ ಜೈಲು, ಎರಡು ಲಕ್ಷದವರೆಗೆ ದಂಡ, ಅಥವಾ ಎರಡೂ. ಬಾಗಿಲ ಹೊರಗೆ ನಿಂತು ಮೂವರೂ ಡಿಲೀಟ್ ಮಾಡಿದ್ವಿ. ಫಾರ್ವರ್ಡ್ ಆಗಿರೋದನ್ನ ಏನು ಮಾಡೋದು? ನಿಮ್ಮಲ್ಲಿ ಯಾರ ಹತ್ರ ಆದ್ರೂ ಇನ್ನೂ ಇದ್ದರೆ ದಯವಿಟ್ಟು ಅಳಿಸಿ. ಈ ಲೇಖನ ಬರೆಯೋಕೆ ಅದೂ ಒಂದು ಕಾರಣ.

ಕಥೆ ಇಲ್ಲಿಗೆ ಮುಗಿದಿದ್ದರೆ ನಾವು ಹೀರೋಗಳಾಗಿ ಮುಗಿಸಬಹುದಿತ್ತು. ಹುಡುಗ ಬಾಲಮಂದಿರದಲ್ಲಿ ಉಳಿದ. ಅಂಗಡಿಯವನ ಮೇಲೆ ಕೇಸ್ ಆಯ್ತು, ಅದು ನಡೀತಿದೆ. ನಾವು ಅನುಮತಿ ಪತ್ರ ತಗೊಂಡು ಒಂದು ಭಾನುವಾರ ನೋಡೋಕೆ ಹೋದ್ವಿ. ಅವನು ನಮ್ಮ ಮುಖ ನೋಡಲಿಲ್ಲ. ತುಂಬಾ ಹೊತ್ತಾದ ಮೇಲೆ ಕೇಳಿದ, "ಯಾಕ್ ಹೇಳಿದ್ರಿ ಅಣ್ಣಾರ? ಪಗಾರ ಅವ್ವಗ ಹೋಕ್ಕಿತ್ತು. ಮುಂಗಡ ಇಸ್ಕೊಂಡಾಳ." ಅದಕ್ಕೆ ನಮ್ಮ ಹತ್ರ ಉತ್ತರ ಇರಲಿಲ್ಲ. ಈಗಲೂ ಇಲ್ಲ. ಎರಡನೇ ಸಲ ಹೋದಾಗ ಸ್ವಲ್ಪ ಮಾತಾಡಿದ. ಭಿನ್ನರಾಶಿ ಹೇಳಿಕೊಟ್ವಿ. ಮೂರನೇ ಸಲ ಅವನೇ ಒಂದು ಲೆಕ್ಕ ನಮಗೆ ಕೊಟ್ಟ, ನಾವು ಸೋತ್ವಿ, ನಕ್ಕ. ಹೊರಡುವಾಗ, "ಮುಂದಿನ ಐತಾರ ಬರ್ತೀರಿಲ್ಲೋ" ಅಂದ. ಬರ್ತೀವಿ ಅಂದ್ವಿ.

ಅಷ್ಟರಲ್ಲಿ ಪ್ಲೇಸ್‌ಮೆಂಟ್ ಶುರುವಾಯ್ತು. ಆಪ್ಟಿಟ್ಯೂಡ್, ಕೋಡಿಂಗ್ ರೌಂಡ್, ಮಾಕ್ ಇಂಟರ್‌ವ್ಯೂ. ಒಂದು ಭಾನುವಾರ ಹೋಯ್ತು, ಎರಡು ಹೋಯ್ತು, ಮೂರೂ ಹೋಯ್ತು. ನಾಲ್ಕನೇ ವಾರ ಹೋದಾಗ ಅವನು ಅಲ್ಲಿರಲಿಲ್ಲ. ಅಮ್ಮ ಬಂದಿದ್ದರು, ಅವನ ಪ್ರಕರಣವನ್ನ ಅವನ ಜಿಲ್ಲೆಯ ಸಮಿತಿಗೆ ವರ್ಗ ಮಾಡಿ ಕಳಿಸಿದ್ದರು. ಎಲ್ಲವೂ ನಿಯಮದ ಪ್ರಕಾರ, ಅವನ ಒಳ್ಳೇದಕ್ಕೇ. ಅಡುಗೆಯ ಅಮ್ಮ ಹೇಳಿದರು, "ಹೋಗೋ ದಿನ ಬೆಳಿಗ್ಗೆಯಿಂದ ಗೇಟ್ ಹತ್ರಾನೇ ಕೂತಿದ್ದ ಕಣ್ರಪ್ಪಾ. ಕಾಲೇಜ್ ಅಣ್ಣಂದಿರು ಬರ್ತಾರೆ ಅಂತಿದ್ದ."

ಅಕ್ಕ ಹೇಳಿದ "ಬದಲಾಗದೆ ಇರೋದು" ಅನ್ನೋ ಮಾತು ನಮಗೆ ಅರ್ಥವಾಗಿದ್ದು ಆ ಗೇಟಿನ ಹತ್ತಿರ. ಲೆಕ್ಕ ಹಾಕಿ ನೋಡಿ: ಸಹಾಯವಾಣಿಯವರು, ಪೊಲೀಸರು, ಡಾಕ್ಟರ್, ಸಮಿತಿ, ಕೌನ್ಸೆಲರ್, ಈಗ ಹೊಸ ಜಿಲ್ಲೆಯ ಸಮಿತಿ. ಪ್ರತಿಯೊಬ್ಬರೂ ಅವರವರ ಕೆಲಸ ಸರಿಯಾಗೇ ಮಾಡಿದ್ದಾರೆ. ನಾವು ನೋ ಡ್ಯೂ ಸರ್ಟಿಫಿಕೇಟ್‌ಗೆ ಆರು ಕೌಂಟರ್ ಸುತ್ತಿ ಸುಸ್ತಾಗ್ತೀವಿ. ಅವನು ಆರು ಕಡೆ ತನ್ನ ತೋಳು ತೋರಿಸಿ ಮೊದಲಿಂದ ಕಥೆ ಹೇಳಬೇಕು.

ನಮ್ಮಲ್ಲೂ ಇದಕ್ಕೆ ಹತ್ತಿರದ ಒಂದು ವ್ಯವಸ್ಥೆ ಇದೆ. ಲೈಂಗಿಕ ದೌರ್ಜನ್ಯಕ್ಕೊಳಗಾದ ಮಕ್ಕಳಿಗೆ ಪೋಕ್ಸೋ ಕಾಯ್ದೆಯ 2020ರ ನಿಯಮಗಳ ಪ್ರಕಾರ ಸಮಿತಿ ಒಬ್ಬ "ಬೆಂಬಲ ವ್ಯಕ್ತಿ"ಯನ್ನ ಕೊಡುತ್ತೆ. ತನಿಖೆಯಿಂದ ವಿಚಾರಣೆ ಮುಗಿಯೋವರೆಗೆ ಅವರು ಜೊತೆಗಿದ್ದು, ಕೋರ್ಟಿನಲ್ಲಿ ಏನಾಗುತ್ತೆ ಅಂತ ಮಗುವಿಗೆ ಮೊದಲೇ ಹೇಳಿಕೊಡ್ತಾರೆ. ಆ ಕಾಯ್ದೆಯಲ್ಲಿ ಎದುರು ವಕೀಲರು ಮಗುವಿಗೆ ನೇರ ಪ್ರಶ್ನೆ ಹಾಕೋ ಹಾಗಿಲ್ಲ, ನ್ಯಾಯಾಧೀಶರ ಮೂಲಕವೇ ಕೇಳಬೇಕು. ಆರೋಪಿ ಮಗುವಿನ ಕಣ್ಣಿಗೆ ಬೀಳಬಾರದು. 2023ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಈ ಬೆಂಬಲ ವ್ಯಕ್ತಿಗಳ ವಿಷಯದಲ್ಲಿ ರಾಜ್ಯಗಳಿಗೆ ಕಟ್ಟುನಿಟ್ಟಾಗಿ ಹೇಳಿದೆ. ಇದಕ್ಕೆ ಸಮಾಜಕಾರ್ಯ, ಮನಃಶಾಸ್ತ್ರದಂಥ ವಿಷಯದಲ್ಲಿ ಸ್ನಾತಕೋತ್ತರ ಪದವಿ ಬೇಕು, ಇಲ್ಲವೇ ಪದವಿಯ ಜೊತೆ ಮಕ್ಕಳ ಕ್ಷೇತ್ರದಲ್ಲಿ ಮೂರು ವರ್ಷದ ಅನುಭವ. ಬರೀ ಬಿಇ ಸಾಕಾಗಲ್ಲ. ಮೊದಲು ಬೇಜಾರಾಯ್ತು, ಮೂರು ಭಾನುವಾರ ತಪ್ಪಿಸಿದವರು ನಾವು ಅಂತ ನೆನಪಾದ ಮೇಲೆ ಆ ನಿಯಮ ಸರಿ ಅನ್ನಿಸ್ತು.

ನಮ್ಮ ಮೂವರಲ್ಲಿ ಒಬ್ಬ ಈಗ ಅದೇ ಬಾಲಮಂದಿರಕ್ಕೆ ಪ್ರತಿ ಭಾನುವಾರ ಗಣಿತ ಹೇಳೋಕೆ ಹೋಗ್ತಿದ್ದಾನೆ. ಮೂವರೂ ಹೋಗ್ತೀವಿ ಅಂತ ಬರೆಯೋಕೆ ಆಸೆ ಇತ್ತು, ಆದರೆ ಸುಳ್ಳಾಗುತ್ತೆ. ಹೋಗೋವನು ಒಂದೇ ಒಂದು ನಿಯಮ ಇಟ್ಟುಕೊಂಡಿದ್ದಾನೆ: ಮುಂದಿನ ವಾರ ಬರೋಕಾಗದಿದ್ದರೆ, ಬರಲ್ಲ ಅಂತ ಮಕ್ಕಳಿಗೆ ಮೊದಲೇ ಹೇಳೋದು. ಕೆಲಸಕ್ಕೆ ಸೇರಿ ಊರು ಬಿಟ್ಟ ಮೇಲೆ ಯಾರು ಹೋಗ್ತಾರೆ ಅನ್ನೋ ಪ್ರಶ್ನೆ ಇದೆ. ಜೂನಿಯರ್‌ಗಳಲ್ಲಿ ಯಾರಾದರೂ ಬರೋದಾದರೆ ಬಳಗದ ರೂಮಿಗೆ ಬಂದು ಮಾತಾಡಿ. ಫೋಟೋ ತೆಗೆಯೋಕಿಲ್ಲ, ಸರ್ಟಿಫಿಕೇಟ್ ಸಿಗಲ್ಲ.

ಆ ಹುಡುಗ ಈಗ ಎಲ್ಲಿದ್ದಾನೆ ಅಂತ ಕೇಳಿದ್ವಿ. ಹೇಳೋಕಾಗಲ್ಲ ಅಂದರು. ಮೊದಲು ಸಿಟ್ಟು ಬಂತು. ಆಮೇಲೆ ಯೋಚಿಸಿದರೆ, ಅವನನ್ನ ಊರಿಗೆಲ್ಲ ತೋರಿಸಿ ಲೈಕ್ ತಗೊಂಡವರು ನಾವೇ. ಈಗ ಅವನು ನಮಗೆ ಕಾಣದೆ ಇರೋ ಜಾಗದಲ್ಲಿದ್ದಾನೆ ಅನ್ನೋದೇ ಸರಿ. ಶಾಲೆಗೆ ಹೋಗ್ತಿದ್ದರೆ ಈಗ ಏಳನೇ ಕ್ಲಾಸು. ಗಣಿತದ ಮೇಷ್ಟ್ರಿಗೆ ಒಂಚೂರು ಕಷ್ಟ ಇದೆ.