ಕಾಯಿಸುವ ವಾಕ್ಯ

ಅಮೆರಿಕದ ಬಹುತೇಕ ಕಾಲೇಜುಗಳಲ್ಲಿ ಎಂಜಿನಿಯರಿಂಗ್ ಓದುವವರೂ ಮೊದಲ ವರ್ಷ ಕಾಂಪೊಸಿಷನ್ ಕೋರ್ಸು ಮುಗಿಸಬೇಕು. ಪಿಎಚ್.ಡಿ.ಗೆಂದು ಬಂದ ನನಗೆ ಅದನ್ನು ಕಲಿಸುವ ಕೆಲಸ, ಕಲಿಸುತ್ತಲೇ ಕಲಿತೆ. ಊರಿನಲ್ಲಿ ಸಾರಾಂಶ ಬರೆದು ಅಂಕ ಪಡೆದವಳು ನಾನು. ಇಲ್ಲಿ ರೆಟರಿಕ್ ಎಂದರೆ ಬೇರೆಯೇ ಪ್ರಶ್ನೆ: ಯಾರಿಗೆ, ಯಾವಾಗ, ಹೇಗೆ ಹೇಳಿದ್ದಾರೆ?

ಮಾರ್ಟಿನ್ ಲೂಥರ್ ಕಿಂಗ್ 1963ರ ಏಪ್ರಿಲ್‌ನಲ್ಲಿ ಬರ್ಮಿಂಗ್‌ಹ್ಯಾಮ್ ಜೈಲಿನಿಂದ ಬರೆದ ಪತ್ರವನ್ನೇ ತೆಗೆದುಕೊಳ್ಳಿ. ಅದರಲ್ಲಿ ಮುನ್ನೂರಕ್ಕೂ ಹೆಚ್ಚು ಪದಗಳ ಒಂದೇ ವಾಕ್ಯವಿದೆ. ಕಪ್ಪುಜನರು ಉಂಡ ಅವಮಾನಗಳು ಒಂದರ ಹಿಂದೊಂದು ಬರುತ್ತವೆ, ಮುಖ್ಯ ಮಾತು ಮಾತ್ರ ಕಟ್ಟಕಡೆಗೆ. ಕ್ರಿಯಾಪದಕ್ಕಾಗಿ ಕೊನೆಯವರೆಗೆ ಕಾಯುವುದು ಕನ್ನಡದವರಿಗೆ ಹುಟ್ಟಿನಿಂದ ಬಂದ ಅಭ್ಯಾಸ. ಇಂಗ್ಲಿಷ್ ಓದುಗರಿಗೆ ಹಾಗಲ್ಲ. ಅವರು ಉಸಿರು ಬಿಗಿಹಿಡಿಯಬೇಕು.

ಇಷ್ಟೇ ಹೇಳಿದರೆ ಅನಿಸಿಕೆಯಾಯಿತು, ಸಂಶೋಧನಾ ಬರಹಕ್ಕೆ ಆಧಾರ ಬೇಕು. ಅದು ಸಿಕ್ಕಿದ್ದು ಕಿಂಗ್ ಉತ್ತರಿಸುತ್ತಿದ್ದ ಹೇಳಿಕೆಯಲ್ಲಿ. ಏಪ್ರಿಲ್ 12ರಂದು ಎಂಟು ಮಂದಿ ಬಿಳಿಯ ಧರ್ಮಗುರುಗಳು ಅದನ್ನು ಹೊರಡಿಸಿದ್ದರು; ಪ್ರತಿಭಟನೆಗೆ ಇದು ಸಮಯವಲ್ಲ ಎಂಬುದು ಅವರ ವಾದ. ತಾಳಿ ಎಂದವರನ್ನೇ ಕಿಂಗ್ ಒಂದು ವಾಕ್ಯದ ಉದ್ದಕ್ಕೂ ಕಾಯಿಸಿದ್ದಾರೆ!

“ಬೇಕೆಂದೇ ಮಾಡಿದ್ದಾ ಮೇಡಂ?” ಎಂದು ಒಬ್ಬ ಹುಡುಗ ಕೇಳಿದ. ಅವರ ಮನಸ್ಸಿನಲ್ಲಿದ್ದುದಕ್ಕೆ ನಮ್ಮ ಬಳಿ ಸಾಕ್ಷಿಯಿಲ್ಲ, ವಾಕ್ಯ ಏನು ಮಾಡುತ್ತದೆ ಎಂಬುದಕ್ಕೆ ಇದೆ, ಅಷ್ಟನ್ನೇ ಬರಿ ಎಂದೆ. ಅವನಿಗೆ ಸಮಾಧಾನವಾಗಲಿಲ್ಲ. ನನಗೂ ಪೂರ್ತಿ ಆಗಿಲ್ಲ.