ಉಣ್ಣಲು ಬಂದ ಬಾಯಿ

ಸಂಜೆ ಐದರ ಹೊತ್ತಿಗೆ ತೂಬಿನ ಪಕ್ಕದ ಕಲ್ಲಿನ ಮೇಲೆ ಕೂತು ಒಂದು ಹಿಡಿ ಕಡ್ಲೆಪುರಿಯನ್ನು ಕೆರೆಗೆ ಎರಚುತ್ತೇನೆ. ಗಾಳಿ ಅದನ್ನು ಮೆಲ್ಲಗೆ ಜೊಂಡಿನ ಕಡೆಗೆ ತಳ್ಳಿಕೊಂಡು ಹೋಗುತ್ತದೆ. ಬಿಳಿ ಚುಕ್ಕಿಗಳು ಚದುರಿ, ಮತ್ತೆ ಗುಂಪಾಗಿ ತೇಲುತ್ತವೆ. ಬಹಳ ಹೊತ್ತು ಏನೂ ಆಗುವುದಿಲ್ಲ. ಆಮೇಲೆ ನೋಡಿದರೆ, ಇದ್ದ ಜಾಗದಲ್ಲಿ ಒಂದು ಪುರಿ ಇಲ್ಲ. ಸದ್ದಿಲ್ಲ, ಚಿಮ್ಮಿದ ಹನಿಯಿಲ್ಲ. ಬಳೆಯಷ್ಟಗಲದ ಒಂದು ಅಲೆ ಮಾತ್ರ ಹರಡಿ ಅಳಿಸಿಹೋಗುತ್ತದೆ. ಆ ಬಳೆ ಕಂಡರೆ ಈ ವಯಸ್ಸಿನಲ್ಲೂ ನನ್ನ ಎದೆ ಜೋರಾಗಿ ಬಡಿದುಕೊಳ್ಳುತ್ತದೆ. ಗೆಂಡೆ ಮೇಲೆ ಬಂದಿದೆ!

ಗಾಳಕ್ಕೆ ನಮ್ಮ ಕಡೆ ಗಾಣ ಅನ್ನುತ್ತಾರೆ. ಗಾಣ ಹಾಕುವವರು ಸಾಮಾನ್ಯವಾಗಿ ಎರೆಹುಳವನ್ನೋ ರಾಗಿಮುದ್ದೆಯ ಉಂಡೆಯನ್ನೋ ತಳಕ್ಕೆ ಬಿಟ್ಟು, ಬೆಂಡು ಮುಳುಗುವುದನ್ನು ಕಾಯುತ್ತಾರೆ. ಕಾಣದ್ದನ್ನು ನಂಬಿ ಕೂರುವ ಸುಖ ಅದು. ನನ್ನನ್ನು ಹಿಡಿದದ್ದು ಮೇಲ್ನೀರಿನ ಬೇಟೆ. ಇಲ್ಲಿ ಮೀನಿನ ಆಸೆ, ಅನುಮಾನ, ಧೈರ್ಯ ಎಲ್ಲವೂ ಕಣ್ಣೆದುರಿಗೇ ನಡೆಯುತ್ತವೆ.

ಕಾಟ್ಲಾ ಮೇಲ್ನೀರಿಗೆ, ರೋಹು ನಡುನೀರಿಗೆ, ಮೃಗಾಲ್ ತಳಕ್ಕೆ ಎಂಬುದು ಕೆರೆಗೆ ಮರಿ ಬಿಡುವವರ ಲೆಕ್ಕ. ಕಾಟ್ಲಾದ ಬಾಯಿಯೇ ಆಕಾಶಕ್ಕೆ ತೆರೆದಂತಿದೆ. ಆದರೆ ಅದು ಕಿವಿರಿನ ಜರಡಿಯಲ್ಲಿ ನೀರು ಸೋಸಿ ಸೂಕ್ಷ್ಮ ಜೀವಿಗಳನ್ನು ತಿನ್ನುವ ಮೀನು. ಪುರಿಗೆ ಸುಲಭಕ್ಕೆ ಮನಸೋಲುವುದಿಲ್ಲ. ಪುರಿಗೆ ಒಲಿಯುವುದು ಸಾಮಾನ್ಯ ಗೆಂಡೆ. ಅದರ ಬ್ಯಾಂಕಾಕ್ ತಳಿ ನಮ್ಮ ದೇಶಕ್ಕೆ ಬಂದದ್ದು 1957ರಲ್ಲಿ. ಬಾಯಿಯ ಬದಿಗೆ ನಾಲ್ಕು ಮೀಸೆ, ಕೆಸರು ಕೆದಕುವುದೇ ಕಸುಬು. ಇಂಥ ತಳದ ಮೀನು ಮೇಲಕ್ಕೆ ಬರಬೇಕಾದರೆ ಕಾರಣ ಬೇಕು. ಮುಂಗಾರಿನ ಮೊದಲ ಮಳೆ ನಿಂತ ಸಂಜೆ ಹುತ್ತಗಳಿಂದ ಈಸಲು ಎದ್ದು ನೀರಿಗೆ ಉದುರುತ್ತದಲ್ಲ, ಅದಕ್ಕಿಂತ ದೊಡ್ಡ ಕಾರಣ ಬೇಡ. ಆ ದಿನ ಕೆರೆಯ ತುಂಬ ಬಳೆಗಳು.

ಮೀನು ಮೇಲೆ ಬಂದು ತಿನ್ನುವುದನ್ನು ನೋಡಲು ನಾನು ಕಲಿತದ್ದು ಗಾಣ ಹಾಕುವಂತೆಯೇ ಇಲ್ಲದ ಜಾಗದಲ್ಲಿ. ಶೃಂಗೇರಿಯ ತುಂಗೆಯ ಮೆಟ್ಟಿಲ ಮೇಲೆ ಚಿಕ್ಕಂದಿನಲ್ಲಿ ಮಂಡಕ್ಕಿಯ ಪೊಟ್ಟಣ ಹಿಡಿದು ಗಂಟೆಗಟ್ಟಲೆ ಕೂತಿದ್ದೆ. ಅವು ದೇವರ ಮೀನುಗಳು, ಗೆಂಡೆಯ ಕುಲದವೇ. ಕೆಲವು ಬಾಯಿ ಹಾಕಿ ಎಳೆದುಕೊಳ್ಳುತ್ತವೆ. ಕೆಲವು ಮೂತಿಯಿಂದ ತಳ್ಳಿ ನೋಡುತ್ತವೆ. ಗುಂಪು ನುಗ್ಗಿದಾಗ ಆಚೆ ನಿಂತು, ದೂರ ತೇಲಿಹೋದ ಒಂದೇ ಮಂಡಕ್ಕಿಯನ್ನು ಸದ್ದಿಲ್ಲದೆ ನುಂಗುವ ದೊಡ್ಡ ಮೀನೂ ಇರುತ್ತದೆ. ಹಿಡಿಯುವ ಆಸೆಗೆ ಅಲ್ಲಿ ಎಡೆಯಿಲ್ಲ. ಆದ್ದರಿಂದಲೇ ಕಣ್ಣು ಪಳಗಿತು.

ಕೈ ಪಳಗಿಸಿದವರು ನನ್ನ ಸೋದರಮಾವ. ಮೊದಲು ಕೂರುವ ಪಾಠ. ಬಿಸಿಲು ಮುಖಕ್ಕೆ ಬಡಿದರೂ ಸರಿ, ನೆರಳು ನೀರಿಗೆ ಬೀಳಬಾರದು. ನೀರೊಳಗಿನ ಮೀನಿಗೆ ಹೊರಗಿನ ಲೋಕವೆಲ್ಲ ತಲೆಯ ಮೇಲೆ ಸುಮಾರು 97 ಡಿಗ್ರಿ ಅಗಲದ ದುಂಡು ಕಿಂಡಿಯೊಂದರಲ್ಲಿ ಕಾಣುತ್ತದೆ. ತಗ್ಗಿ ಕೂತವನು ಆ ಕಿಂಡಿಯ ಅಂಚಿನಲ್ಲಿ ಕುಗ್ಗಿಹೋಗುತ್ತಾನೆ, ಎದ್ದು ನಿಂತವನು ಸಿಕ್ಕಿಬೀಳುತ್ತಾನೆ. ಏರಿಯ ಮೇಲೆ ಧಪಧಪ ನಡೆಯುವುದೂ ತಪ್ಪು. ಗೆಂಡೆಗೆ ಗಾಳಿಚೀಲದ ಅದುರನ್ನು ಕಿವಿಗೆ ದಾಟಿಸುವ ಸಣ್ಣ ಮೂಳೆಗಳ ಸರಪಳಿಯೇ ಇದೆ. ಮಾವನಿಗೆ ಇದು ಯಾವುದೂ ಪುಸ್ತಕದಿಂದ ಗೊತ್ತಿರಲಿಲ್ಲ. ಚಪ್ಪಲಿಯನ್ನು ಮಾತ್ರ ಏರಿಯ ಕೆಳಗೇ ಬಿಡುತ್ತಿದ್ದರು.

ಆಮೇಲೆ ಉಣಿಸುವ ಪಾಠ. ಗಾಳಿ ಬರುವ ಕಡೆಯಿಂದ ಪುರಿ ಎರಚಬೇಕು, ಗಾಣ ಮುಟ್ಟಬಾರದು. ಮೀನುಗಳು ಒಂದರ ಮೇಲೊಂದು ಪೈಪೋಟಿಗೆ ಬೀಳುವವರೆಗೂ ಎರಡು ಸಲ, ಮೂರು ಸಲ ಬಿಟ್ಟಿ ಊಟ. ಒಣಪುರಿಗೆ ಗಾಣ ಚುಚ್ಚಿದರೆ ಒಡೆಯುತ್ತದೆ. ಒದ್ದೆ ಬಟ್ಟೆಯಲ್ಲಿ ಸ್ವಲ್ಪ ಹೊತ್ತು ಕಟ್ಟಿಟ್ಟರೆ ಮೆತ್ತಗಾಗಿ ಎರಡು ಮೂರು ಪೋಣಿಸಬಹುದು. ಸೀಸದ ಗುಂಡು ಬೇಡ. ಗಾಣ ಸಣ್ಣದಿರಲಿ, ಪುರಿಯನ್ನು ಮುಳುಗಿಸಬಾರದು. ಬೆಂಡು ಎರಡು ಮೊಳ ದೂರ. ಎಸೆಯುವುದು ಮೀನಿನ ತಲೆಯ ಮೇಲಲ್ಲ, ಅದರಾಚೆಗೆ. ಆಮೇಲೆ ಮೆಲ್ಲಗೆ ಎಳೆದು ಉಳಿದ ಪುರಿಗಳ ನಡುವೆ ಸೇರಿಸಬೇಕು.

ಕಡೆಯ ಪಾಠವೇ ಕಷ್ಟದ್ದು. ದಪ್ಪ ತುಟಿಗಳು ನೀರಿನ ಮೇಲೆ ಬಂದು ನಮ್ಮ ಪುರಿಯನ್ನು ಮುಚ್ಚುವುದು ಕಾಣುತ್ತದೆ. ಕೈ ತಾನಾಗಿ ಎಳೆಯಲು ಹೋಗುತ್ತದೆ. ಎಳೆದರೆ ಬರೀ ಗಾಣ. "ತಿರುಗ್ಲಿ ತಡಿಲಾ" ಎನ್ನುತ್ತಿದ್ದರು ಮಾವ. ಬಾಯಿ ಮುಚ್ಚಿ, ತಲೆ ತಗ್ಗಿಸಿ, ಮೀನು ತಳಕ್ಕೆ ತಿರುಗಿದಾಗ ದಾರ ತಾನೇ ಬಿಗಿಯುತ್ತದೆ. ಆಗ ಕೋಲೆತ್ತಿದರೆ ಬಿದಿರು ಬಾಗಿ ತೋಳಿನವರೆಗೂ ಜೀವ ಹರಿಯುತ್ತದೆ. ನಾಲ್ಕೈದು ನಿಮಿಷ ಲೋಕದಲ್ಲಿ ಬೇರೇನೂ ಇರುವುದಿಲ್ಲ. ರಾತ್ರಿ ಹುಣಸೆಹುಳಿಯ ಮೀನುಸಾರು, ಬಿಸಿಮುದ್ದೆ.

ಇಷ್ಟು ಕಲಿತ ಮೇಲೆ ಒಂದು ಬೇಸಿಗೆಯ ನಸುಕಿನಲ್ಲಿ ಕೆರೆಗೆ ಹೋದಾಗ ನೀರಿನ ತುಂಬ ಬಾಯಿಗಳು. ನೂರಾರು ಗೆಂಡೆ. ಖುಷಿಯಿಂದ ಕೂಗಿ ಗಾಣ ಬಿಚ್ಚಿದೆ. ಮಾವ ಕೈ ಹಿಡಿದರು.

"ಬಾಯಿ ನೋಡ್ಲಾ. ಉಸ್ರಿಗೆ ಬಂದವೆ ಕಣ್ಲಾ, ಉಣ್ಣಕ್ಕಲ್ಲ."

ನೋಡಿದೆ. ಉಣ್ಣುವ ಮೀನು ಬರುತ್ತದೆ, ಕಚ್ಚುತ್ತದೆ, ಮುಳುಗುತ್ತದೆ. ಹೆಜ್ಜೆ ಸದ್ದಿಗೆ ಓಡುತ್ತದೆ. ಇವು ಮುಳುಗುತ್ತಿರಲಿಲ್ಲ, ಓಡುತ್ತಿರಲಿಲ್ಲ. ತಲೆ ಮೇಲೆತ್ತಿ ಒಂದೇ ಸಮನೆ ಬಾಯಿ ತೆರೆದು ಮುಚ್ಚುತ್ತಿದ್ದವು. ಹಗಲು ಪಾಚಿ ನೀರಿಗೆ ಆಮ್ಲಜನಕ ಕೊಡುತ್ತದೆ. ರಾತ್ರಿ ಕೊಡುವುದು ನಿಲ್ಲುತ್ತದೆ, ಉಸಿರಾಡುವುದು ನಿಲ್ಲುವುದಿಲ್ಲ. ಹಿಂದಿನ ದಿನ ಮೋಡ ಕವಿದಿದ್ದು ನೀರೂ ಬೆಚ್ಚಗಿದ್ದರೆ ಬೆಳಗಿನ ಜಾವಕ್ಕೆ ಕೆರೆಯ ಉಸಿರೇ ಬತ್ತಿರುತ್ತದೆ.

ಹೋದ ಏಪ್ರಿಲಿನಲ್ಲಿ ಅಂಥದೇ ನಸುಕು ಎದುರಾಯಿತು. ಈ ಸಲ ಕೈ ಹಿಡಿಯಲು ಮಾವ ಇರಲಿಲ್ಲ. ಕಾಲ ಬುಡದಲ್ಲೇ ಮೂರು ಕೇಜಿಯ ಗೆಂಡೆಯೊಂದು ಬಾಯಿ ಬಿಡುತ್ತಿತ್ತು. ಬಗ್ಗಿದರೆ ಬರಿಗೈಗೇ ಸಿಗುತ್ತಿತ್ತು. ದಾರ ಸುತ್ತಿಟ್ಟು ಮೀನಿನ ಗುತ್ತಿಗೆದಾರನ ಗುಡಿಸಲಿಗೆ ಓಡಿದೆ. ಇಬ್ಬರೂ ಸೇರಿ ಡೀಸೆಲ್ ಪಂಪು ಹಚ್ಚಿ ಕೆರೆಯ ನೀರನ್ನೇ ಎತ್ತಿ ಕೆರೆಗೇ ಚಿಮ್ಮಿಸಿದೆವು. ಬಾಯಿಗಳೆಲ್ಲ ಆ ಕಡೆಗೆ ಸರಿದವು. ಬಿಸಿಲೇರಿದ ಮೇಲೆ ಒಂದೊಂದೇ ಮುಳುಗಿದವು. ಕೆಲವು ಬೆನ್ನು ಮೇಲಾಗಲೇ ಇಲ್ಲ.

ನಾಲ್ಕು ದಿನ ಸಂಜೆ ಸಂಜೆ ಹೋಗಿ ಪುರಿ ಎರಚಿದೆ. ಅದು ಜೊಂಡಿನವರೆಗೂ ತೇಲಿ, ನೆನೆದು, ಅಲ್ಲೇ ಉಳಿಯುತ್ತಿತ್ತು. ಐದನೆಯ ಸಂಜೆ ಗಾಣವನ್ನು ಬಿಚ್ಚದೆ ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ. ಕಲ್ಲಿನ ಹತ್ತಿರ ಒಂಬತ್ತು ಪುರಿ ಗುಂಪಾಗಿ ನಿಂತಿದ್ದವು. ಏರಿಯ ಮೇಲೆ ಮನೆಗೆ ಮರಳುವ ಕುರಿಗಳ ಕಡೆಗೊಮ್ಮೆ ನೋಡಿ ಕಣ್ಣು ತಿರುಗಿಸಿದೆ. ಎಂಟಿದ್ದವು.