ನೀದೆಲ್ವಾ ದಂಡೆಯ ಬಳಪದ ಕಲ್ಲು

ನಾರ್ವೆಯ ಟ್ರಾಂಡ್‌ಹೈಮ್ ಊರಿನ ಹಳೆಯ ಹೆಸರು ನಿದಾರೋಸ್, ಅಂದರೆ ನಿದ್ ನದಿಯ ಅಳಿವೆ. ಕುಂದಾಪುರ ಕಡೆಯವನಾದ ನನಗೆ ಇಷ್ಟು ಗೊತ್ತಾದದ್ದೇ ಊರು ಅರ್ಧ ಪರಿಚಯವಾದಂತಾಯಿತು. ನದಿಗೆ ಈಗ ನೀದೆಲ್ವಾ ಎನ್ನುತ್ತಾರೆ. ದಂಡೆಯುದ್ದಕ್ಕೂ ಮರದ ಕಂಬಗಳ ಮೇಲೆ ಕೆಂಪು, ಹಳದಿ ಬಣ್ಣದ ಹಳೆಯ ಗೋದಾಮುಗಳು ನೀರಿಗೆ ಬೆನ್ನು ಕೊಟ್ಟು ನಿಂತಿವೆ. 1681ರಲ್ಲಿ ಊರು ಬಹುಪಾಲು ಸುಟ್ಟುಹೋದ ಮೇಲೆ, ಬೆಂಕಿ ಮತ್ತೆ ಹಾಗೆ ಹಬ್ಬದಿರಲೆಂದು ಬೀದಿಗಳನ್ನು ಅಗಲವಾಗಿ ಹಾಕಿದರಂತೆ.

ಕ್ಲೈಂಟ್ ಆಫೀಸಿನ ಕೆಲಸದ ನಡುವೆ ಒಂದು ಮಧ್ಯಾಹ್ನ ಬಿಡುವು ಸಿಕ್ಕಿತು. ಕೆಂಪು ಕಮಾನಿನ ಹಳೆಯ ಸೇತುವೆ ದಾಟಿ ಕೆಥೆಡ್ರಲ್‌ಗೆ ಹೋದೆ. 1030ರಲ್ಲಿ ಯುದ್ಧದಲ್ಲಿ ಮಡಿದ ಓಲಾವ್ ರಾಜನ ಸಮಾಧಿಯ ಮೇಲೆ ಎದ್ದ ಚರ್ಚು ಅದು. ಕಟ್ಟಿದ್ದು ಹೆಚ್ಚಾಗಿ ಬಳಪದ ಕಲ್ಲಿನಲ್ಲಿ. ಬೇಲೂರು, ಹಳೇಬೀಡಿನಲ್ಲಿ ಕೈಯಾಡಿಸಿ ಬಂದವರಿಗೆ ಉಳಿಗೆ ಒಲಿಯುವ ಆ ಕಲ್ಲಿನ ಗುಣ ಹೇಳಬೇಕಿಲ್ಲ.

ಮತ್ತೆ ಮತ್ತೆ ಬೆಂಕಿ ಬಿದ್ದು ಪಾಳುಬಿದ್ದಿದ್ದ ಕಟ್ಟಡದ ಜೀರ್ಣೋದ್ಧಾರ 1869ರಲ್ಲಿ ಶುರುವಾಯಿತು. ಮುಗಿಯಿತೆಂದು ಸಾರಿದ್ದು 2001ರಲ್ಲಿ. 132 ವರ್ಷ! ಮೂರು ತಿಂಗಳಿಗೊಮ್ಮೆ ಲೆಕ್ಕ ಒಪ್ಪಿಸುವ ನನ್ನಂಥ ಪ್ರಾಜೆಕ್ಟ್ ಮ್ಯಾನೇಜರಿಗೆ ನಗು ಬಂತು. ಆದರೆ ಕೆಲಸ ಮುಗಿದ ಮೇಲೂ ಕಾರ್ಯಾಗಾರ ಮುಚ್ಚಿಲ್ಲ. ಕಲ್ಲು ಸವೆಯುವುದು ನಿಲ್ಲುವುದಿಲ್ಲವಲ್ಲ. ಕಲ್ಲುಕುಟಿಗರು, ಬಡಗಿಗಳು, ಕಮ್ಮಾರರು ಇಂದಿಗೂ ಅಲ್ಲಿದ್ದಾರೆ; ಕೈಕಸುಬು ಹೊಸಬರಿಗೆ ದಾಟುತ್ತಿದೆ.

ನನ್ನ ಲ್ಯಾಪ್‌ಟಾಪಿನಲ್ಲಿ ಆಗ ಒಂದು ಎಕ್ಸೆಲ್ ಶೀಟ್ ಕಾಯುತ್ತಿತ್ತು. ಆರು ವರ್ಷದ ನಮ್ಮ ಪ್ರಾಜೆಕ್ಟ್ ಲೈವ್ ಆಗಿತ್ತು. ಪುಣೆಯ 14 ಜನರನ್ನು ತಿಂಗಳ ಕೊನೆಗೆ ರಿಲೀಸ್ ಮಾಡಬೇಕಿತ್ತು. ನಾಲ್ವರಿಗೆ ಬೇರೆ ಕೆಲಸ ಸಿಕ್ಕಿತ್ತು, ಉಳಿದವರು ಬೆಂಚಿಗೆ. ಬೆಂಚಿನ ಮೇಲೆ ದಿನ ಎಣಿಸಿದ ಅನುಭವ ನಿಮ್ಮಲ್ಲೂ ಕೆಲವರಿಗಿದ್ದೀತು. ಹಳೆಯ ಕೋಡಿನ ಮೂಲೆಮೂಲೆ ಬಲ್ಲ ಗದಗದ ಹುಡುಗಿ ಬೆಳಿಗ್ಗೆಯೇ ಮೆಸೇಜ್ ಹಾಕಿದ್ದಳು: "ಸರ್, ನಂದೇನಾತ್ರೀ?"

ಮರುದಿನ ಮೀಟಿಂಗಿನಲ್ಲಿ, ಮೂವರನ್ನಾದರೂ ಒಂದು ವರ್ಷ ಉಳಿಸಿಕೊಳ್ಳಿ ಎಂದು ಕೇಳಿದೆ. ಎಲ್ಲ ಡಾಕ್ಯುಮೆಂಟ್ ಆಗಿದೆಯಲ್ಲ ಎಂದರು. ನಿಮ್ಮ ಕೆಥೆಡ್ರಲ್‌ನ ನಕ್ಷೆಗಳೂ ಇವೆ, ಆದರೂ ಕಲ್ಲುಕುಟಿಗರನ್ನು ಇಟ್ಟುಕೊಂಡಿದ್ದೀರಿ ಎಂದೆ. ನಕ್ಕರು, ತಮ್ಮತಮ್ಮಲ್ಲೇ ಮಾತಾಡಿಕೊಂಡರು. ಕೊನೆಗೆ ಇಬ್ಬರಿಗೆ, ಆರು ತಿಂಗಳಿಗೆ ಒಪ್ಪಿದರು.

ಗದಗದ ಹುಡುಗಿಗೆ ಆ ರಾತ್ರಿಯೇ ಉತ್ತರ ಬರೆದೆ. ಶೀಟಿನಲ್ಲಿ ಇನ್ನೂ ಎಂಟು ಹೆಸರುಗಳಿದ್ದವು.